ಹಳಿಯಿಲ್ಲದೂರಿನ ರೈಲುಪ್ರೇಮ

ಕೋಥರೂಡಿಗೆ ಮೊದಲ ರೈಲು ಬಂದದ್ದು 1998ರ ಏಪ್ರಿಲ್ 1ರಂದು. ತಾರೀಖು ನೋಡಿ ನಗಬೇಡಿ. ಹೇಳಿದ ಹೊತ್ತಿಗೆ ಹೊರಟು ಹೇಳಿದ ಹೊತ್ತಿಗೆ ಮುಟ್ಟುವ ರೈಲು ಪುಣೆ ಸೀಮೆಯಲ್ಲಿ ಯಾವುದಾದರೂ ಇದ್ದರೆ ಅದೊಂದೇ. ಅದರ ಸಿಗ್ನಲ್ ಕೆಡುವುದಿಲ್ಲ, ಹಳಿಗೆ ಎಮ್ಮೆ ಅಡ್ಡ ಬರುವುದಿಲ್ಲ, ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ನಡುಬಯಲಲ್ಲಿ ಉಸ್ಸೆಂದು ನಿಲ್ಲುವುದಿಲ್ಲ. ಇರುವ ಕೊರತೆ ಇಷ್ಟೇ: ಹತ್ತುವವರು ಹೆಬ್ಬೆರಳಿಗಿಂತ ಗಿಡ್ಡ ಇರಬೇಕು.

ಇದು ಭಾವೂಸಾಹೇಬ ಜೋಶಿ ಎಂಬ ಹವ್ಯಾಸಿ ಕಟ್ಟಿದ ಕಿರುರೈಲು ಸಂಗ್ರಹಾಲಯ. ಕರ್ವೆ ರಸ್ತೆಯ ಸಮೀಪ, ಜಿ.ಎ. ಕುಲಕರ್ಣಿ ಪಥದಲ್ಲಿದೆ. ದೀಪ ಆರಿಸಿ ಆಟ ಶುರುಮಾಡಿದರೆ ಒಂದು ಮೇಜಿನಷ್ಟು ಊರು ಕಣ್ಣುಬಿಡುತ್ತದೆ: ಉಗಿಬಂಡಿ ಹೊಗೆಯಾಡುತ್ತದೆ, ಜರ್ಮನಿಯ ವುಪರ್ಟಾಲ್‌ನಲ್ಲಿ 1901ರಿಂದ ಓಡುತ್ತಿರುವಂಥ ತೂಗುರೈಲು ತಲೆಯ ಮೇಲಿನ ಹಳಿಗೆ ಜೋತುಬಿದ್ದು ಹೋಗುತ್ತದೆ, ಸರ್ಕಸ್ಸಿದೆ, ಈಜುಕೊಳವಿದೆ. ಮಕ್ಕಳು ಬಾಯಿ ತೆರೆದು ನೋಡುತ್ತಾರೆ, ಅಪ್ಪಂದಿರು ಇನ್ನೂ ದೊಡ್ಡದಾಗಿ ತೆರೆಯುತ್ತಾರೆ. ರಸ್ತೆಗೆ ಹೆಸರು ಕೊಟ್ಟ ಜಿ.ಎ. ಕುಲಕರ್ಣಿಯವರೂ ನಮ್ಮ ಕಡೆಯವರೇ; ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಹುಟ್ಟಿ, ಧಾರವಾಡದ ಕಾಲೇಜಿನಲ್ಲಿ ಸುಮಾರು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ, ಮರಾಠಿಯಲ್ಲಿ ಅಮೋಘ ಕತೆಗಳನ್ನು ಬರೆದು, ಕೊನೆಗಾಲಕ್ಕೆ ಪುಣೆ ಸೇರಿ 1987ರಲ್ಲಿ ತೀರಿಕೊಂಡವರು. ಜನಜಂಗುಳಿ ಕಂಡರಾಗದ ಮನುಷ್ಯ. ಅಂಥವರ ಹೆಸರಿನ ಬೀದಿಯಲ್ಲಿ ಜನಜಂಗುಳಿಯೇ ಇಲ್ಲದ ರೈಲು ಓಡುತ್ತಿರುವುದು ಔಚಿತ್ಯಪೂರ್ಣ.

ಜೋಶಿಯವರ ಬಗ್ಗೆ ನನ್ನ ತಕರಾರಿಲ್ಲ. ಆಟಿಕೆಯನ್ನು ಆಟಿಕೆ ಎಂದೇ ಹೇಳಿ ಟಿಕೆಟ್ ಕೊಟ್ಟವರು ಅವರು. ಆ ಮೇಜಿನ ಮೇಲಿನ ರೈಲನ್ನು ನೋಡಿ ಬಂದವರು ನಗರ, ರಾಜ್ಯ, ದೇಶ ಎಲ್ಲ ಹಾಗೇ ಓಡಬೇಕೆಂದು ಹಟ ಹಿಡಿದಿದ್ದಾರಲ್ಲ, ನನ್ನ ಚಿಂತೆ ಅವರದು. ನೋಡುವುದಕ್ಕೆ ರೈಲು ಬೇಕು, ಹತ್ತುವವರು ಬೇಡ. ಈ ರೋಗ ರೈಲುಪ್ರೇಮಿಗೂ ಇದೆ, ರೈಲುಮಂತ್ರಿಗೂ ಇದೆ. ವ್ಯತ್ಯಾಸವೆಂದರೆ ರೈಲುಪ್ರೇಮಿಯ ಕೈಯಲ್ಲಿ ಕ್ಯಾಮೆರಾ, ಮಂತ್ರಿಯ ಕೈಯಲ್ಲಿ ಹಸಿರು ಬಾವುಟ.

ನಮ್ಮ ಮೇಲಿನ ಮನೆಯ ರಾಯರು ಮೊದಲನೆಯ ಜಾತಿಯವರು. ಧಾರವಾಡದ ಮೂಲ, ಪುಣೆಯಲ್ಲಿ ನೌಕರಿ, ಕೋಥರೂಡಿನಲ್ಲಿ ನಿವೃತ್ತಿ. ರೈಲು ಅಂದರೆ ಪ್ರಾಣ. ಆದರೂ ಫ್ಲ್ಯಾಟು ಕೊಳ್ಳುವಾಗ ಶಿವಾಜಿನಗರ, ಖಡಕಿ ಎಲ್ಲ ಬಿಟ್ಟು ಕೋಥರೂಡಿಗೇ ಯಾಕೆ ಬಂದಿರಿ ಎಂದು ಕೇಳಿದರೆ, "ಅಲ್ಲೆ ರೈಲಿನ ಸಪ್ಪಳಕ್ಕ ನಿದ್ದಿ ಬರೂದಿಲ್ಲರೀ" ಅನ್ನುತ್ತಾರೆ. ಏಷ್ಯಾದಲ್ಲೇ ಅತಿ ವೇಗವಾಗಿ ಬೆಳೆದ ಬಡಾವಣೆ ತಮ್ಮದೆಂದು ಹೇಳಿಕೊಳ್ಳುವುದು ಕೋಥರೂಡಿನವರ ವಾಡಿಕೆ. ಹಾಗೆ ಬೆಳೆಯುವಾಗ ಒಂದು ರೈಲ್ವೆ ಸ್ಟೇಷನ್ ಇಲ್ಲದೆ ಬೆಳೆಯಿತು ಎಂಬುದನ್ನು ಮಾತ್ರ ಹೇಳಿಕೊಳ್ಳುವುದಿಲ್ಲ.

ರಾಯರು ಹಾರ್ನ್ ಕೇಳಿ ಎಂಜಿನ್ನಿನ ಶೆಡ್ಡು ಹೇಳಬಲ್ಲರು. ಡಬ್ಲ್ಯೂಸಿಎಎಂ-3 ಎಂದರೆ ಅವರ ಕಣ್ಣು ಒದ್ದೆಯಾಗುತ್ತದೆ. ಮುಂಬೈ ಕಡೆಯ ತಂತಿಯಲ್ಲಿ 1,500 ವೋಲ್ಟ್ ಡಿಸಿ, ಉಳಿದ ದೇಶದಲ್ಲಿ 25,000 ವೋಲ್ಟ್ ಎಸಿ ಇದ್ದ ಕಾಲಕ್ಕೆ ಎರಡನ್ನೂ ತಿಂದು ಅರಗಿಸಿಕೊಳ್ಳುತ್ತಿದ್ದ ಎಂಜಿನ್ನದು. ಈಗ ಎಲ್ಲ ಕಡೆ ಎಸಿಯೇ ಆಗಿ ಅದರ ಎರಡು ಹೊಟ್ಟೆಯಲ್ಲಿ ಒಂದು ದಂಡ. ಮಳೆಗಾಲ ಬಂದರೆ ರಾಯರು ಭೋರ್ ಘಾಟಿನ ಜಪ ಹಿಡಿಯುತ್ತಾರೆ. 1863ರಲ್ಲಿ ತೆರೆದ ಘಾಟು, 37 ಅಡಿ ಸಾಗಿದರೆ 1 ಅಡಿ ಏರು, ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳಲು ಕೂಡಿಸುವ ಬ್ಯಾಂಕರ್ ಎಂಜಿನ್ನುಗಳು, ಮಂಕಿ ಹಿಲ್‌ನ ಮಂಜು. ಮೀರಜದಲ್ಲಿ ಗಾಡಿ ಬದಲಿಸುತ್ತಿದ್ದ ಕಾಲವನ್ನು ನೆನೆಸಿಕೊಂಡು ಅವರು ಇಡೀ ಸಂಜೆ ಕಳೆಯಬಲ್ಲರು. ಪುಣೆಯಿಂದ ಮೀರಜದ ತನಕ 1971ರಲ್ಲೇ ಬ್ರಾಡ್‌ಗೇಜ್ ಬಂತು. ಮೀರಜದಿಂದ ನಮ್ಮ ಕಡೆಗೆ 1990ರ ದಶಕದ ನಡುವಿನ ತನಕ ಮೀಟರ್‌ಗೇಜೇ. ನಡುರಾತ್ರಿಯೋ ನಸುಕೋ, ಟ್ರಂಕು ಹಾಸಿಗೆ ಮಕ್ಕಳು ಸಮೇತ ಈ ಪ್ಲಾಟ್‌ಫಾರ್ಮಿನಿಂದ ಆ ಪ್ಲಾಟ್‌ಫಾರ್ಮಿಗೆ ಓಡಿದ್ದು ಅವರ ಪ್ರಕಾರ ಸುವರ್ಣಯುಗ. ಮಕ್ಕಳನ್ನು ಎತ್ತಿಕೊಂಡು ಓಡಿದ್ದು ವೈನಿ, ಅಂದರೆ ರಾಯರ ಹೆಂಡತಿ, ಎಂಬ ವಿವರ ಆ ಯುಗದಲ್ಲಿ ಬರುವುದಿಲ್ಲ.

ಇಷ್ಟೆಲ್ಲ ಪಾರಾಯಣದಲ್ಲಿ ಪುಣೆ–ಲೋಣಾವಳ ಲೋಕಲ್‌ನ ಹೆಸರಿಲ್ಲ. ಒಮ್ಮೆ ಕೇಳಿದೆ. ರಾಯರು ಮುಖ ಹುಳ್ಳಗೆ ಮಾಡಿದರು. "ಅದರಾಗ ಏನದರೀ ನೋಡಲಿಕ್ಕೆ? ಮುಂದೊಂದು ಮಾರಿ, ಹಿಂದೂ ಅದೇ ಮಾರಿ!"

ಒಳಗಿನಿಂದ ವೈನಿಯ ಧ್ವನಿ ಬಂತು: "ಹೌದು, ಒಳಗ ಕೂತವರ ಮಾರಿ ಇವರಿಗೆ ಕಾಣೂದಿಲ್ಲ."

ವೈನಿ ಚಿಂಚವಡದ ಬ್ಯಾಂಕ್ ಶಾಖೆಯೊಂದರಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ಕೋಥರೂಡಿನಿಂದ ಪಿಎಂಟಿ ಬಸ್ಸು ಹಿಡಿದು ಶಿವಾಜಿನಗರ, ಅಲ್ಲಿಂದ ಲೋಕಲ್. ಎಂಜಿನ್ನಿನ ಗಂಧಗಾಳಿ ಅವರಿಗಿಲ್ಲ. ಆದರೆ ಮಹಿಳೆಯರ ಡಬ್ಬಿಯ ಎಷ್ಟನೇ ಬಾಗಿಲಲ್ಲಿ ನಿಂತರೆ ಚಿಂಚವಡದಲ್ಲಿ ಮೆಟ್ಟಿಲೆದುರಿಗೇ ಇಳಿಯಬಹುದು ಎಂಬುದು ಇವತ್ತಿಗೂ ಗೊತ್ತು. ದಾಪೋಡಿ ದಾಟುವಷ್ಟರಲ್ಲಿ ಎಷ್ಟು ಬಟಾಣಿ ಸುಲಿಯಬಹುದು, ಕಾಸಾರವಾಡಿಯಲ್ಲಿ ಹತ್ತುವ ಹೆಂಗಸಿಗೆ ಯಾರು ಜಾಗ ಹಿಡಿಯಬೇಕು, ಆಕುರ್ಡಿಯ ಕಾಲೇಜು ಹುಡುಗರು ಯಾವ ಗಾಡಿ ತುಂಬುತ್ತಾರೆ, ತಳೇಗಾವದ ಕಾರ್ಖಾನೆಯವರು ಯಾವ ಗಾಡಿ ತುಂಬುತ್ತಾರೆ ಎಲ್ಲ ನಾಲಗೆಯ ತುದಿಯಲ್ಲಿದೆ. ಸಂಕ್ರಾಂತಿಗೆ ಡಬ್ಬಿಯಲ್ಲೇ ಅರಿಶಿನ ಕುಂಕುಮ ಹಂಚುತ್ತಿದ್ದರಂತೆ, ದಸರೆಗೆ ಮೋಟರ್‌ಮನ್ನನಿಗೆ ಪೇಢೆ. ಇಷ್ಟು ತಿಳಿದವರನ್ನು ಯಾವ ಪತ್ರಿಕೆಯೂ ರೈಲುಪ್ರೇಮಿ ಎಂದು ಕರೆದು ಸಂದರ್ಶನ ಮಾಡಿಲ್ಲ. ಒಮ್ಮೆ ಅವರು ಬಾಯಿತಪ್ಪಿ "ಲೋಕಲ್‌ನ ಎಂಜಿನ್ ಕೆಟ್ಟು ನಿಂತಿತ್ತು" ಎಂದಾಗ ರಾಯರು ಚಹಾದ ಕಪ್ಪು ಕೆಳಗಿಟ್ಟು ತಿದ್ದಿದರು: "ಲೋಕಲ್‌ಗೆ ಎಂಜಿನ್ ಇರೂದಿಲ್ಲ. ಮೋಟರ್ ಕೋಚ್ ಇರತಾವ."

"ಯಾವುದರ ಇರಲಿ. ನಿಂತಿತ್ತೋ ಇಲ್ಲೋ?"

ಈ ಲೋಕಲ್ ಶುರುವಾದದ್ದು 1978ರ ಮಾರ್ಚ್ 11ರಂದು. ಪುಣೆಯಿಂದ ಲೋಣಾವಳಕ್ಕೆ 64 ಕಿಲೋಮೀಟರ್, ನಡುವೆ ಖಡಕಿ, ಪಿಂಪರಿ, ದೇಹೂ ರೋಡ್, ಬೇಗಡೇವಾಡಿ, ಘೋರಾವಾಡಿ, ವಡಗಾವ, ಕಾಮಶೇತ್, ಮಳವಲಿ. ಇಡೀ ದಾರಿಗೆ ಟಿಕೆಟ್ಟು 15 ರೂಪಾಯಿ. ಕೋಥರೂಡಿನಿಂದ ಶಿವಾಜಿನಗರ ಸ್ಟೇಷನ್ನಿಗೆ ಆಟೋದವನಿಗೆ ಕೊಡುವ ದುಡ್ಡಿನಲ್ಲಿ ಲೋಣಾವಳಕ್ಕೆ ಹೋಗಿ, ಚಿಕ್ಕಿ ತಿಂದು, ತಿರುಗಿ ಬಂದು, ಮನಸ್ಸಾದರೆ ಇನ್ನೊಮ್ಮೆ ಹೋಗಬಹುದು. ಪುಣೆ–ಮುಂಬೈ ನಡುವಿನ ಮೇಲ್, ಎಕ್ಸ್‌ಪ್ರೆಸ್, ಗೂಡ್ಸು ಎಲ್ಲ ಹಾಯುವ ಜೋಡಿ ಹಳಿಯಲ್ಲೇ ಈ ಬಡಪಾಯಿಯೂ ನುಸುಳಿಕೊಂಡು ಹೋಗಬೇಕು. ಹಿಂದೆ ಯಾರಾದರೂ ದೊಡ್ಡವರು ಬಂದರೆ ಬದಿಗೆ ಸರಿಯಬೇಕು. ಮೂರನೆಯ, ನಾಲ್ಕನೆಯ ಹಳಿ ಹಾಕುತ್ತೇವೆ ಎನ್ನುವುದು ಪಿಂಪರಿಯ ಮಕ್ಕಳು ತೊಟ್ಟಿಲಲ್ಲಿ ಕೇಳಿದ ಜೋಗುಳ. ಆ ಮಕ್ಕಳು ಈಗ ಪಾಸು ತೆಗೆಸಿ ಅದೇ ಲೋಕಲ್ಲಿನಲ್ಲಿ ನಿಂತು ಹೋಗುತ್ತಿದ್ದಾರೆ. 2025ರಲ್ಲಿ ಮಹಾರಾಷ್ಟ್ರದ ಸಂಪುಟ ತನ್ನ ಪಾಲಿನ ದುಡ್ಡಿಗೆ ಒಪ್ಪಿದೆ. ಹಳಿ ಇನ್ನೂ ಕಡತದಲ್ಲಿದೆ. ಕಡತಕ್ಕೆ ಮಾತ್ರ ಯಾರೂ ದಾರಿ ಕೇಳುವುದಿಲ್ಲ, ತಾನು ಬಂದದ್ದೇ ಹೊತ್ತು.

ಮಧ್ಯಾಹ್ನದ ಕತೆ ಇನ್ನೂ ಸೊಗಸು. ಬೆಳಗಿನ ಗಾಡಿಗಳು ಮುಗಿದ ಮೇಲೆ ಹಳಿಯ ದುರಸ್ತಿಗೆಂದು ಲೋಕಲ್‌ಗಳಿಗೆ ತಾಸುಗಟ್ಟಲೆ ಬಿಡುವು. ಗಲಾಟೆಯಾದ ಮೇಲೆ ಆ ಬಿಡುವಿನಲ್ಲಿ ಒಂದೆರಡು ಗಾಡಿ ತುರುಕಿದರು. ಕಾಲೇಜು ಮುಗಿಸಿದ ಹುಡುಗಿ, ಮೊದಲ ಪಾಳಿ ಮುಗಿಸಿದ ಕಾರ್ಮಿಕ, ಸಾಸೂನ್ ಆಸ್ಪತ್ರೆಗೆ ತೋರಿಸಿಕೊಂಡು ವಾಪಸು ಹೊರಟ ಕಾಮಶೇತಿನ ಮುದುಕ, ಇವರೆಲ್ಲ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಸಹನೆ ಎಂಬ ವಿಷಯದಲ್ಲಿ ಪದವಿ ಪಡೆಯಬೇಕು. ಪುಣೆಗೆ ಮಧ್ಯಾಹ್ನ ನಿದ್ದೆಯ ಹಿರಿಮೆಯುಂಟು, ನಿಜ. ಒಂದರಿಂದ ನಾಲ್ಕು ಅಂಗಡಿ ಮುಚ್ಚುವುದು ಇಲ್ಲಿಯ ಸಂಪ್ರದಾಯ; ಅದರ ಮೇಲೆ ಹುಟ್ಟಿದ ನಗೆಹನಿಗಳಿಗೆ ಲೆಕ್ಕವಿಲ್ಲ. ಆದರೆ ಚಿತಳೆ ಬಂಧುಗಳ ಮಿಠಾಯಿ ಅಂಗಡಿಯೇ 2017ರಲ್ಲಿ ಮನಸ್ಸು ಬದಲಿಸಿ ಮಧ್ಯಾಹ್ನವೂ ಬಾಗಿಲು ತೆರೆಯಿತು. ಪುಣೆಯಲ್ಲಿ ಈಗ ಯಾವ ಹೊತ್ತಿನಲ್ಲೂ ಬಾಕರವಡಿ ಸಿಗುತ್ತದೆ. ಅದನ್ನು ಕಟ್ಟಿಸಿಕೊಂಡು ತಳೇಗಾವದ ಮನೆಗೆ ಹೋಗಬೇಕೆಂದವನು ಅರ್ಧ ಪೊಟ್ಟಣವನ್ನು ಸ್ಟೇಷನ್ನಿನಲ್ಲೇ ಮುಗಿಸುತ್ತಾನೆ.

ಇದೇ ಹಳಿಯ ಮೇಲೆ ನೋಡುವವರಿಗಾಗಿ ಏನೆಲ್ಲ ಮಾಡಿದ್ದಾರೆ ಗಮನಿಸಿ. 2021ರಲ್ಲಿ ಡೆಕ್ಕನ್ ಎಕ್ಸ್‌ಪ್ರೆಸ್ಸಿಗೂ ಆಮೇಲೆ ಡೆಕ್ಕನ್ ಕ್ವೀನ್‌ಗೂ ಗಾಜಿನ ಮಾಡಿನ ವಿಸ್ಟಾಡೋಮ್ ಡಬ್ಬಿ ಬಂತು. ಕುರ್ಚಿ ತಿರುಗಿಸಿಕೊಂಡು ಜಲಪಾತ ನೋಡಬಹುದು. ಲೋಕಲ್ಲಿನವರು ಈ ಸೌಕರ್ಯವನ್ನು ಎಂದೋ ಪಡೆದಿದ್ದರು. ಬಾಗಿಲಿಗೆ ಜೋತುಬಿದ್ದವನಿಗೆ ಗಾಜೂ ಇಲ್ಲ, ಮಾಡೂ ಇಲ್ಲ, ನೋಟಕ್ಕೆ ಅಡ್ಡಿಯೇ ಇಲ್ಲ.

ಕೋಥರೂಡಿಗೆ ನಿಜವಾದ ಅಳತೆಯ ರೈಲು ಬಂದದ್ದು 2022ರ ಮಾರ್ಚ್ 6ರಂದು, ಮೆಟ್ರೋ ರೂಪದಲ್ಲಿ. ಪ್ರಧಾನಿಯವರೇ ಬಂದು ಟಿಕೆಟ್ಟು ಕೊಂಡು ಹತ್ತಿದರು. ವನಾಜ್‌ನಿಂದ ಗರವಾರೆ ಕಾಲೇಜಿನ ತನಕ, ಐದು ನಿಲ್ದಾಣ, ಐದು ಕಿಲೋಮೀಟರ್. ಕೋಥರೂಡಿನಲ್ಲಿ ಹತ್ತಿ ಕೋಥರೂಡಿನ ಮಗ್ಗುಲಿಗೆ ಇಳಿಯಬಹುದಾಗಿತ್ತು. ಅಲ್ಲಿ ಇಳಿದು ಮಾಡುವುದೇನು ಎಂಬ ಪ್ರಶ್ನೆ ಯಾರಿಗೂ ಬರಲಿಲ್ಲ, ಯಾಕೆಂದರೆ ಯಾರೂ ಇಳಿಯಲೇ ಇಲ್ಲ. ಅದೇ ಗಾಡಿಯಲ್ಲಿ ತಿರುಗಿ ಬಂದರು. ಅಜ್ಜಂದಿರು ಹತ್ತಿದರು, ಮೊಮ್ಮಕ್ಕಳನ್ನು ಹತ್ತಿಸಿದರು, ಮನೆಗೆ ಬಂದ ಬೀಗರನ್ನು ಊಟವಾದ ಮೇಲೆ ಹತ್ತಿಸಿಕೊಂಡು ಬಂದರು. ಮೆಟ್ರೋದವರಿಗೂ ಇಂಗಿತ ಅರ್ಥವಾಯಿತು. ಹುಟ್ಟುಹಬ್ಬಕ್ಕೆ, ಸಮಾರಂಭಕ್ಕೆ ಡಬ್ಬಿ ಬಾಡಿಗೆಗೆ ಕೊಡುವ ಯೋಜನೆ ಹೊರಡಿಸಿದರು. ಮುಂದೊಂದು ಮಂಗಲ ಕಾರ್ಯಾಲಯ ಕಟ್ಟುವಾಗ ಅದಕ್ಕೂ ಎರಡು ಹಳಿ ಹಾಕಿಸಿದರೆ ರೈಲ್ವೆ ಅನುದಾನ ಸಿಗಬಹುದು ಎಂದು ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳಿಗೆ ಅನ್ನಿಸಿದ್ದು ಸುಳ್ಳಲ್ಲ.

ಹೀಗೆ ಒಂದೂವರೆ ವರ್ಷದ ಹತ್ತಿರ ಆ ಐದು ಕಿಲೋಮೀಟರ್ ಹೋಗಿ ಬಂದು ಮಾಡಿತು. 2023ರ ಆಗಸ್ಟ್ 1ರಂದು ರೂಬಿ ಹಾಲ್ ತನಕ, 2024ರ ಮಾರ್ಚ್ 6ರಂದು ರಾಮವಾಡಿ ತನಕ ಬೆಳೆಯಿತು. ಈಗ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಸುಳ್ಳು ಹೇಳಬಾರದು. ವನಾಜ್‌ನಲ್ಲಿ ಹತ್ತಿ ಪುಣೆ ರೈಲ್ವೆ ಸ್ಟೇಷನ್ನಿನ ಮುಂದೆ ಬೆವರದೆ ಇಳಿಯುವುದು ಕೋಥರೂಡಿಗನ ಪಾಲಿಗೆ ಸಣ್ಣ ಪವಾಡ. ದುಡ್ಡೂ ಪವಾಡದಷ್ಟೇ ಸುರಿಯಿತು: ಮೊದಲ ಹಂತದ ಮಂಜೂರಾದ ಅಂದಾಜೇ 11,420 ಕೋಟಿ. ಡೆಕ್ಕನ್ ಜಿಮಖಾನಾ, ಸಂಭಾಜಿ ಉದ್ಯಾನದ ನಿಲ್ದಾಣಗಳ ಮಾಡಿಗೆ ಶಿವಾಜಿಯ ಮಾವಳ ಸೈನಿಕರ ಪಗಡಿಯ ಆಕಾರ ಕೊಟ್ಟರು. ಒಳ್ಳೆಯದೇ. ಬಿಸಿಲಲ್ಲಿ ಬೇಗಡೇವಾಡಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತವನು ತಲೆಯ ಮೇಲೆ ಟವೆಲ್ ಹಾಕಿಕೊಳ್ಳುತ್ತಾನೆ. ಅವನ ಪಗಡಿ ಅವನೇ ತರಬೇಕು.

ಹೆಸರಿನ ವಿಷಯದಲ್ಲೂ ಕೋಥರೂಡಿಗೆ ಮೋಸವಾಗಿದೆ. ವನಾಜ್ ಒಂದು ಕಾರ್ಖಾನೆಯ ಹೆಸರು. ಆಮೇಲೆ ಆನಂದನಗರ, ಐಡಿಯಲ್ ಕಾಲನಿ, ನಳ ಸ್ಟಾಪ್. ಕೋಥರೂಡಿನ ನಡುವೆಯೇ ಹಾಯುವ ಮೆಟ್ರೋಗೆ ಕೋಥರೂಡ ಎಂಬ ನಿಲ್ದಾಣವಿಲ್ಲ. ಗಾಡಿಗಳು ರಾತ್ರಿ ಮಲಗುವ ಡಿಪೋ ಹಿಂದೆ ನಗರದ ಕಸದ ಡಿಪೋ ಆಗಿತ್ತು. ಪುಣೆ ತನ್ನ ಹಳೆಯದನ್ನೆಲ್ಲ ಪಾರಂಪರಿಕ ಎಂದು ಫಲಕ ಹಾಕುವ ಊರು, ಇದೊಂದಕ್ಕೆ ಯಾಕೋ ಹಾಕಿಲ್ಲ. 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ವನಾಜ್‌ನಿಂದ ಚಾಂದನಿ ಚೌಕದ ತನಕ ವಿಸ್ತರಣೆಗೆ ಒಪ್ಪಿಗೆ ಕೊಟ್ಟಿತು. ಎರಡೇ ನಿಲ್ದಾಣ, ಅದರಲ್ಲಿ ಒಂದಕ್ಕೆ ಕೊನೆಗೂ ನಮ್ಮೂರಿನ ಹೆಸರು: ಕೋಥರೂಡ ಬಸ್ ಡಿಪೋ. ರೈಲು ನಿಲ್ದಾಣವಾಗಬೇಕಾದರೂ ಕೋಥರೂಡು ಬಸ್ಸಿನ ಕೈ ಹಿಡಿದೇ ಬರಬೇಕು.

ಇವೆಲ್ಲ ಕಣ್ಣಿಗೆ ಕಾಣುವ ರೈಲುಗಳು. ಕಾಣದ ರೈಲುಗಳ ಭಕ್ತಿಯಲ್ಲಿ ಪುಣೆಯನ್ನು ಮೀರಿಸುವವರಿಲ್ಲ. 2018ರ ಫೆಬ್ರುವರಿಯಲ್ಲಿ ರಿಚರ್ಡ್ ಬ್ರಾನ್ಸನ್ ಬಂದು, ಗಾಳಿ ತೆಗೆದ ಕೊಳವೆಯೊಳಗೆ ಪುಣೆಯಿಂದ ಮುಂಬೈಗೆ 25 ನಿಮಿಷದಲ್ಲಿ ಕಳಿಸುತ್ತೇನೆ ಅಂದರು. ಹೈಪರ್‌ಲೂಪ್! ಸರ್ಕಾರ ಒಪ್ಪಂದ ಮಾಡಿಕೊಂಡಿತು. ರಾಯರು ಅವತ್ತು ರಾತ್ರಿಯೇ ಕೊಳವೆಯ ಅಡ್ಡಕೊಯ್ತದ ಚಿತ್ರ ಬರೆದು, ಕಿಟಕಿ ಇಲ್ಲದ ಗಾಡಿಯಲ್ಲಿ ಕಿಟಕಿಯ ಸೀಟು ಹೇಗೆ ಕಾಯ್ದಿರಿಸುತ್ತಾರೆ ಎಂದು ತಲೆಕೆಡಿಸಿಕೊಂಡರು. ಕಂಪನಿ 2023ರ ಕೊನೆಗೆ ಬಾಗಿಲು ಹಾಕಿತು. ಗಾಳಿ ತೆಗೆಯುವ ಕೆಲಸವನ್ನಾದರೂ ಮಾತಿನಂತೆ ಮಾಡಿದರು ಅನ್ನಬೇಕು.

ಇನ್ನು ಪುಣೆ–ನಾಶಿಕ ಅರೆ ವೇಗದ ರೈಲು. 235 ಕಿಲೋಮೀಟರ್, ಎರಡು ತಾಸಿನೊಳಗೆ ನಾಶಿಕ. ಜಾಗದ ಅಳತೆಯಾಯಿತು, ರೈತರಿಂದ ಒಂದಿಷ್ಟು ಭೂಮಿಯನ್ನೂ ಕೊಂಡರು. ಆಮೇಲೆ ನಾರಾಯಣಗಾವದ ಹತ್ತಿರ ಖೋಡದದಲ್ಲಿ ರೇಡಿಯೋ ದೂರದರ್ಶಕವಿದೆಯಲ್ಲ, ಜಿಎಂಆರ್‌ಟಿ, ಅಡ್ಡಡ್ಡ 45 ಮೀಟರಿನ 30 ಬೋಗುಣಿಗಳು, ಅಲ್ಲಿಯ ವಿಜ್ಞಾನಿಗಳು ರೈಲು ಹತ್ತಿರ ಹಾದರೆ ಬ್ರಹ್ಮಾಂಡದ ಕ್ಷೀಣ ಸದ್ದು ನಮಗೆ ಕೇಳಿಸುವುದಿಲ್ಲ ಅಂದರು. ಅವರ ಮಾತು ನ್ಯಾಯವೇ. ಇಂಥ ಉಪಕರಣ ಅಲ್ಲಿ ದಶಕಗಳಿಂದ ಇದೆ. ನಕ್ಷೆ ಎಳೆದವರಿಗೆ ಆ ಮೂವತ್ತು ಬೋಗುಣಿ ಕಾಣಲಿಲ್ಲವೆಂದರೆ, ಅವು ಕೋಟಿ ಜ್ಯೋತಿರ್ವರ್ಷ ದೂರದ್ದನ್ನು ಕಾಣುತ್ತವೆ ಎನ್ನುವುದು ಇನ್ನೂ ದೊಡ್ಡ ಸಾಧನೆಯಾಗಿ ತೋರುತ್ತದೆ. ಈಗ ದಾರಿಯನ್ನು ಶಿರಡಿಯ ಕಡೆಗೆ ತಿರುಗಿಸುವ ಮಾತು. ಹುಟ್ಟುವ ಮೊದಲೇ ನಕ್ಷತ್ರಗಳ ನಿದ್ದೆ ಕೆಡಿಸಿದ ರೈಲು ಲೋಕದಲ್ಲಿ ಇದೊಂದೇ ಇರಬೇಕು.

ಬೆಂಗಳೂರಿನಿಂದ ಬರುವ ನೆಂಟರು ಇದನ್ನೆಲ್ಲ ಕೇಳಿ ತುಟಿ ಕಚ್ಚಿ ನಗುತ್ತಾರೆ. ಅವರಿಗೆ ನಗುವ ಹಕ್ಕಿಲ್ಲ. ಪುಣೆಗೆ ಬಡವಾದರೂ 1978ರಿಂದ ಒಂದು ಲೋಕಲ್ ಇದೆ. ಬೆಂಗಳೂರಿಗೆ 1983ರಿಂದ ಅದರ ವರದಿಯಿದೆ. 2016ರ ಡಿಸೆಂಬರಿನಲ್ಲಿ ಜನ ಸ್ಟೇಷನ್ನುಗಳ ಮುಂದೆ ನಿಂತು 'ಚುಕುಬುಕು ಬೇಕು' ಎಂದು ಕೂಗಿದರು. ದೊಡ್ಡವರು ರೈಲಿಗಾಗಿ ಮಕ್ಕಳ ಭಾಷೆಯಲ್ಲಿ ಅಳಬೇಕಾಯಿತು. 2022ರ ಜೂನ್ 20ರಂದು ಶಂಕುಸ್ಥಾಪನೆಯಾಯಿತು. ನಲವತ್ತು ವರ್ಷದಿಂದ ಬಾಕಿ ಇದ್ದದ್ದನ್ನು ನಲವತ್ತು ತಿಂಗಳಲ್ಲಿ ಮುಗಿಸುವ ಭರವಸೆ ಬಂತು. 148 ಕಿಲೋಮೀಟರ್, ನಾಲ್ಕು ಮಾರ್ಗ, ನಾಲ್ಕಕ್ಕೂ ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಆ ನಲವತ್ತು ತಿಂಗಳು 2025ರ ಅಕ್ಟೋಬರಿಗೆ ತುಂಬಿತು. ಅಷ್ಟರೊಳಗೆ ದೊಡ್ಡ ಗುತ್ತಿಗೆದಾರರೊಬ್ಬರು ಸಾಕೆಂದು ಎದ್ದುಹೋಗಿದ್ದರು. ಹೂವು ನಾಲ್ಕೂ ಬೆಂಗಳೂರಿಗನ ಕಿವಿಯ ಮೇಲೆ ಬಾಡದೆ ಇವೆ. ಅಲ್ಲಿಯ ರೈಲುಪ್ರೇಮಿಗಳಿಗೂ ಇದರ ಬಗ್ಗೆ ದುಃಖವಿಲ್ಲ. ಡಬ್ಬಿಯ ಬಣ್ಣ ಯಾವುದಿರಬೇಕೆಂಬ ಚರ್ಚೆ ಮುಗಿದಿಲ್ಲ, ಗಾಡಿ ಬಂದರೆ ಆ ಚರ್ಚೆ ನಿಂತುಹೋಗುತ್ತದೆ.

ನಮ್ಮ ಪುಣೆ ಕನ್ನಡಿಗರಿಗೂ 2024ರ ಸೆಪ್ಟೆಂಬರ್ 16ರಂದು ಒಂದು ಹಬ್ಬವಾಯಿತು. ಹುಬ್ಬಳ್ಳಿ–ಪುಣೆ ವಂದೇ ಭಾರತ್. ಎಂಟು ಡಬ್ಬಿ, ವಾರಕ್ಕೆ ಮೂರು ದಿನ. ರಾಯರು ಪುಣೆ ಸ್ಟೇಷನ್ನಿಗೆ ಹೋಗಿ ಅದರ ಮುಂಭಾಗ, ಹಿಂಭಾಗ, ಪಕ್ಕೆಲುಬು ಎಲ್ಲ ಚಿತ್ರಿಸಿಕೊಂಡು ಬಂದು ಕಟ್ಟಡದ ಕನ್ನಡ ಮನೆಗಳಿಗೆಲ್ಲ ತೋರಿಸಿದರು. ಅದಾದ ಕೆಲವು ತಿಂಗಳಿಗೆ ಧಾರವಾಡದಲ್ಲಿ ಅವರ ಅಣ್ಣನ ಮನೆಯ ಮುಂಜಿ. ಮುಹೂರ್ತ ಇದ್ದದ್ದು ವಾರದ ಉಳಿದ ನಾಲ್ಕು ದಿನಗಳಲ್ಲೊಂದರಲ್ಲಿ. ಗಂಡ ಹೆಂಡತಿ ಇಬ್ಬರೂ ರಾತ್ರಿ ಚಾಂದನಿ ಚೌಕದ ಸೇತುವೆಯ ಕೆಳಗೆ ಬ್ಯಾಗು ಹಿಡಿದು ನಿಂತು ಖಾಸಗಿ ಬಸ್ಸು ಹತ್ತಿದರು. ಕೋಥರೂಡಿನ ಕನ್ನಡಿಗರ ನಿಜವಾದ ರೈಲ್ವೆ ಸ್ಟೇಷನ್ ಅದೇ. ಪ್ಲಾಟ್‌ಫಾರ್ಮಿಲ್ಲ, ಫಲಕವಿಲ್ಲ, ಶೌಚಾಲಯವಿಲ್ಲ. ಗಣಪತಿ ಹಬ್ಬಕ್ಕೂ ದೀಪಾವಳಿಗೂ ಟಿಕೆಟ್ ದರ ವಿಮಾನಕ್ಕೆ ಮಾವನ ಮಗನಾಗುತ್ತದೆ. ಬಸ್ಸಿನಲ್ಲಿ ರಾತ್ರಿಯಿಡೀ ರಾಯರು ಫೋನಿನಲ್ಲಿ ವಂದೇ ಭಾರತ್‌ನ ಚಿತ್ರ ನೋಡುತ್ತಿದ್ದರಂತೆ. ಹೇಳಿದ್ದು ವೈನಿ.

ರೈಲುಪ್ರೇಮಿಗಳ ವರ್ಷ ಶುರುವಾಗುವುದು ಯುಗಾದಿಗಲ್ಲ, ಜೂನ್ 1ಕ್ಕೆ. ಡೆಕ್ಕನ್ ಕ್ವೀನ್ 1930ರಲ್ಲಿ ಆ ದಿನ ಮೊದಲ ಸಲ ಓಡಿತು. ಪ್ರತಿವರ್ಷ ಪುಣೆ ಸ್ಟೇಷನ್ನಿನಲ್ಲಿ ಅವಳ ಹುಟ್ಟುಹಬ್ಬ: ಎಂಜಿನ್ನಿಗೆ ಹೂಮಾಲೆ, ಪ್ಲಾಟ್‌ಫಾರ್ಮಿನ ಮೇಲೆ ಕೇಕು. ಕೂತು ತಿನ್ನುವ ಊಟದ ಡಬ್ಬಿ ಇರುವ ಗಾಡಿ, 2022ರಲ್ಲಿ ಹೊಸ ಡಬ್ಬಿ ಹೊಸ ಹಸಿರು ಸೀರೆ ಸಿಕ್ಕ ಗಾಡಿ. ತೊಂಬತ್ತು ದಾಟಿದ ಮಹಾರಾಣಿಗೆ ಅಷ್ಟು ಉಪಚಾರ ಸಲ್ಲಬೇಕಾದ್ದೇ. ಮಾರ್ಚ್ 11ರಂದು ಲೋಕಲ್‌ಗೆ ಯಾರಾದರೂ ಬಾಳೆಹಣ್ಣಾದರೂ ಕತ್ತರಿಸಿದ್ದನ್ನು ನಾನು ಕಂಡಿಲ್ಲ.

ರಾಯರು ಪ್ಲಾಟ್‌ಫಾರ್ಮಿನ ಗದ್ದಲಕ್ಕೆ ಹೋಗುವವರಲ್ಲ. ಮುಳಾ ಮುಠಾ ಕೂಡುವಲ್ಲಿ, ಸಂಗಮದ ಬಳಿ, ಕ್ಯಾಮೆರಾ ಊರಿಕೊಂಡು ಕಾಯುತ್ತಾರೆ. ಬೆಳಗಿನ 7.15ಕ್ಕೆ ಹೊರಟ ಮಹಾರಾಣಿ ಮಾಲೆ ತೊಟ್ಟು ಸೇತುವೆ ಏರಬೇಕು, ಹಿಂದೆ ಎಳೆಬಿಸಿಲು, ಕೆಳಗೆ ನೀರು. ಕಳೆದ ಸಲ ಎಲ್ಲ ಕೂಡಿಬಂದಿತ್ತು. ಸರಿಯಾಗಿ ಅದೇ ಗಳಿಗೆಗೆ ಲೋಣಾವಳ ಕಡೆಯಿಂದ ಬಂದ ಲೋಕಲ್ ಈಚಿನ ಹಳಿಯಲ್ಲಿ ಅಡ್ಡ ಹಾದು ಮಹಾರಾಣಿಯನ್ನು ಮೂತಿಯಿಂದ ಬಾಲದ ತನಕ ಮುಚ್ಚಿಬಿಟ್ಟಿತು. ಚಿತ್ರದಲ್ಲಿ ಉಳಿದದ್ದು ಬಾಗಿಲಲ್ಲಿ ಜೋತುಬಿದ್ದ ಒಂದಿಷ್ಟು ಜನ, ಮೊದಲ ಪಾಳಿಯ ನರ್ಸು, ಹಾಲಿನ ಕ್ಯಾನು, ಕ್ಯಾಮೆರಾ ಕಂಡು ಕೈಬೀಸಿದ ಹುಡುಗ. ಒಳ್ಳೆಯ ಚಿತ್ರ. ರಾಯರು ಅದನ್ನು ಅಳಿಸಿದರು.

ಮೊನ್ನೆ ಸಂಜೆ ಕೆಳಗಿಳಿದು ಬಂದು, "ನಿಮ್ಮ ಭಾಷಾ ಚಲೋ ಅದ, ಒಂದು ಅರ್ಜಿ ಬರದು ಕೊಡ್ರಿ" ಅಂದರು. ಜೂನ್ 1ರಂದು, ಪಾರಂಪರಿಕ ಮಹತ್ವದ ದೃಷ್ಟಿಯಿಂದ, ಬೆಳಗಿನ ಆ ಲೋಕಲನ್ನು ಖಡಕಿಯಲ್ಲಿ ಹತ್ತು ನಿಮಿಷ ತಡೆದು ನಿಲ್ಲಿಸಬೇಕಾಗಿ ವಿನಂತಿ. ಬರೆದುಕೊಟ್ಟೆ. ವೈನಿ ಓದಿ, "ಹತ್ತು ನಿಮಿಷ ಅಂತ ಬರಿಯೂದು ಯಾಕ? ಅವರು ದಿನಾ ಅದಕ್ಕಿಂತ ಹೆಚ್ಚು ನಿಲ್ಲಸತಾರ" ಅಂದರು. ರಾಯರು ಯೋಚಿಸಿ ಅದನ್ನು ಹದಿನೈದು ಮಾಡಿಸಿದರು.

ಲೋಕಲ್ ವಿಷಯದಲ್ಲಿ ರೈಲ್ವೆಗೆ ಹೋದ ಅರ್ಜಿಗಳೆಲ್ಲ ಗಾಡಿ ಹೆಚ್ಚಿಸಿ, ಮಧ್ಯಾಹ್ನವೂ ಬಿಡಿ, ಹೊತ್ತಿಗೆ ಓಡಿಸಿ ಎಂದೇ ಕೇಳುತ್ತ ಬಂದಿವೆ. ನಿಲ್ಲಿಸಿ ಎಂದು ಕೇಳುವ ಅರ್ಜಿ ಇದೇ ಮೊದಲಿರಬೇಕು. ಹಾಗಾಗಿ ಮಂಜೂರಾಗುತ್ತದೆ ಎಂಬ ಭರವಸೆ ರಾಯರಿಗಿದೆ. ನನಗೂ ಇದೆ.